ಕಾಲೇಜು ಫುಟ್‌ಬಾಲ್ ಪಂದ್ಯವನ್ನು ತಟಸ್ಥ ಮೈದಾನಕ್ಕೆ ಒಯ್ಯಬೇಕೇ? ತೀರ್ಮಾನಿಸುವ ಕ್ರಮ

ಅಮೆರಿಕದ ವಿಶ್ವವಿದ್ಯಾಲಯಗಳ ಫುಟ್‌ಬಾಲ್ (ನಮಗೆ ಪರಿಚಿತ ಕಾಲ್ಚೆಂಡಾಟವಲ್ಲ, ಚೆಂಡನ್ನು ಕೈಯಲ್ಲಿ ಹಿಡಿದೋಡುವ ಅಮೆರಿಕನ್ ಫುಟ್‌ಬಾಲ್) ತಂಡವೊಂದು ಲೀಗ್ ಹಂತದಲ್ಲಿ ಸಾಮಾನ್ಯವಾಗಿ 12 ಪಂದ್ಯಗಳನ್ನು ಆಡುತ್ತದೆ. ಅವುಗಳಲ್ಲಿ ಆರೋ ಏಳೋ ಮಾತ್ರ ಸ್ವಂತ ಕ್ಯಾಂಪಸ್‌ನ ಮೈದಾನದಲ್ಲಿ ನಡೆಯುತ್ತವೆ. ವಿಶ್ವವಿದ್ಯಾಲಯವನ್ನೇ ನೆಚ್ಚಿಕೊಂಡ ಸಣ್ಣ ಊರುಗಳಲ್ಲಿ ಹೋಟೆಲು, ಖಾನಾವಳಿ, ಅಂಗಡಿಗಳವರು ವರ್ಷವಿಡೀ ಕಾಯುವುದು ಆ ಆರೇಳು ಶನಿವಾರಗಳಿಗಾಗಿ. ಅವುಗಳಲ್ಲಿ ಒಂದನ್ನು ಎತ್ತಿ, ಎರಡೂ ತಂಡಗಳಿಗೆ ಸೇರದ ಮಹಾನಗರವೊಂದರ ಕ್ರೀಡಾಂಗಣಕ್ಕೆ ಒಯ್ಯುವ ಪ್ರಸ್ತಾಪ ಬಂದಾಗ ವಿಶ್ವವಿದ್ಯಾಲಯಗಳು ಹಳೆಯ ವಿದ್ಯಾರ್ಥಿಗಳ, ದಾನಿಗಳ, ಸೀಸನ್ ಟಿಕೆಟ್ ಕೊಳ್ಳುವವರ ಮಾತಿಗೆ ಕಿವಿಗೊಡುವುದುಂಟು. ಅಲ್ಲಿ ಓದಿ ನೆಲೆಸಿದ ಕನ್ನಡಿಗರೂ ಇಂಥ ಗುಂಪಿನಲ್ಲಿ ಈಗ ಸಾಕಷ್ಟಿದ್ದಾರೆ. ಅಭಿಪ್ರಾಯ ಹೇಳುವ ಮೊದಲು ಯಾವುದನ್ನು ಹೇಗೆ ತೂಗಿ ನೋಡಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಪಂದ್ಯ ಕ್ಯಾಂಪಸ್‌ನಲ್ಲೇ ನಡೆಯಬೇಕು, ಹೊರಗೆ ಒಯ್ಯಬೇಕೆನ್ನುವವರೇ ಅದಕ್ಕೆ ಕಾರಣ ಕೊಡಬೇಕು.

ತಟಸ್ಥ ಮೈದಾನವೆಂದೊಡನೆ ನಮಗೆ ನೆನಪಾಗುವುದು ರಣಜಿ ಟ್ರೋಫಿ. 2016–17ರ ಋತುವಿನಲ್ಲಿ ಎಲ್ಲ ರಣಜಿ ಪಂದ್ಯಗಳೂ ತಟಸ್ಥ ಮೈದಾನಗಳಲ್ಲಿ ನಡೆದವು; ಕರ್ನಾಟಕ ತಂಡಕ್ಕೆ ಆ ವರ್ಷ ತವರಿನಲ್ಲಿ ಒಂದು ಪಂದ್ಯವೂ ಇರಲಿಲ್ಲ; ಮರುವರ್ಷವೇ ಹಳೆಯ ಪದ್ಧತಿ ಮರಳಿತು. ಆ ಪ್ರಯೋಗದ ಹಿಂದೆ ಒಂದು ತರ್ಕವಾದರೂ ಇತ್ತು. ಆತಿಥೇಯರು ತಮಗೆ ಬೇಕಾದಂತೆ ಪಿಚ್ ಸಿದ್ಧಪಡಿಸಿಕೊಳ್ಳುವುದನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಅಮೆರಿಕನ್ ಫುಟ್‌ಬಾಲಿನಲ್ಲಿ ಈ ತರ್ಕಕ್ಕೆ ಎಡೆಯೇ ಇಲ್ಲ, ಏಕೆಂದರೆ ಒಂದು ಗೋಲು ರೇಖೆಯಿಂದ ಇನ್ನೊಂದಕ್ಕೆ 100 ಗಜವೆಂಬ ಅಳತೆ ಎಲ್ಲ ಊರಿನಲ್ಲೂ ಒಂದೇ. ಆದ್ದರಿಂದ ನ್ಯಾಯಸಮ್ಮತ ಆಟಕ್ಕಾಗಿ ಪಂದ್ಯವನ್ನು ಸ್ಥಳಾಂತರಿಸುತ್ತಿದ್ದೇವೆಂದು ಯಾರಾದರೂ ಹೇಳಿದರೆ ಆ ಮಾತನ್ನು ಬದಿಗಿಟ್ಟು, ಹಣ, ದೂರ ಮತ್ತು ಪ್ರೇಕ್ಷಕರ ಲೆಕ್ಕವನ್ನು ಕೈಗೆತ್ತಿಕೊಳ್ಳಿ.

ಮೊದಲು ಕೇಳಬೇಕಾದ ಪ್ರಶ್ನೆ, ಕಳೆದುಹೋಗುವುದು ಯಾರ ತವರಿನ ಪಂದ್ಯ ಎಂಬುದು. ಕಾಗದದ ಮೇಲೆ ಎರಡೂ ತಂಡಗಳು ಸಮಾನವಾಗಿ ತ್ಯಾಗ ಮಾಡುವಂತೆ ಕಂಡರೂ ಹಲವು ಬಾರಿ ಒಂದೇ ತಂಡ ತನ್ನ ಪಂದ್ಯವನ್ನು ಮಾರಿಕೊಂಡಿರುತ್ತದೆ. ಇಂಡಿಯಾನ ವಿಶ್ವವಿದ್ಯಾಲಯ 2010ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಪೆನ್ ಸ್ಟೇಟ್ ವಿರುದ್ಧ ತನ್ನ ಊರಾದ ಬ್ಲೂಮಿಂಗ್ಟನ್‌ನಲ್ಲಿ ಆಡಬೇಕಾಗಿದ್ದ ತನ್ನ ಪಂದ್ಯವನ್ನು 30 ಲಕ್ಷ ಡಾಲರ್‌ಗಳಿಗೆ ಮೇರಿಲ್ಯಾಂಡ್ ರಾಜ್ಯದ ಲ್ಯಾಂಡೋವರ್‌ಗೆ ಬಿಟ್ಟುಕೊಟ್ಟಿತು. ಲ್ಯಾಂಡೋವರ್ ಪೆನ್ಸಿಲ್ವೇನಿಯಾಕ್ಕೆ ಹತ್ತಿರ, ಇಂಡಿಯಾನಕ್ಕೆ ಬಲುದೂರ. ಹೆಸರಿಗೆ ಇಂಡಿಯಾನ ಆತಿಥೇಯ ತಂಡವಾಗಿದ್ದರೂ ಕ್ರೀಡಾಂಗಣದಲ್ಲಿ ತುಂಬಿದ್ದವರು ಪೆನ್ ಸ್ಟೇಟ್ ಬೆಂಬಲಿಗರು. ಇಂಡಿಯಾನ 41–24ರಿಂದ ಸೋತಿತು. ಸೋಲಿಗಿಂತ ನನ್ನನ್ನು ಕಾಡುವುದು ಬೇರೆ ಸಂಗತಿ: ಬ್ಲೂಮಿಂಗ್ಟನ್‌ನಲ್ಲಿ ಓದುತ್ತಿದ್ದ ಹುಡುಗ ಹುಡುಗಿಯರು ತಮ್ಮದೇ ತಂಡದ ತವರಿನ ಪಂದ್ಯವನ್ನು ಟಿವಿಯಲ್ಲಿ ನೋಡಬೇಕಾಯಿತು.

ಎರಡನೆಯದು ಹಣ. ಇಲ್ಲಿ ಒಂದೇ ವರ್ಷದ ಮೊತ್ತವನ್ನು ನೋಡಿ ಮರುಳಾಗಬಾರದು. ಒಂದು ವರ್ಷ ನಮ್ಮಲ್ಲಿ, ಮರುವರ್ಷ ಅವರಲ್ಲಿ ಎಂಬ ಎರಡು ವರ್ಷಗಳ ಒಪ್ಪಂದವನ್ನು ಒಂದು ಕಡೆ ಇಟ್ಟು, ತಟಸ್ಥ ಮೈದಾನದ ಒಂದು ಪಂದ್ಯವನ್ನು ಇನ್ನೊಂದು ಕಡೆ ಇಟ್ಟು ಲೆಕ್ಕ ಹಾಕಬೇಕು. ತವರಿನ ಪಂದ್ಯದ ಆದಾಯವೆಂದರೆ ಟಿಕೆಟ್ ಮಾತ್ರವಲ್ಲ. ವಾಹನ ನಿಲುಗಡೆ, ತಿಂಡಿ ಪಾನೀಯ, ಅಂಗಿ ಟೋಪಿಗಳ ಮಾರಾಟ, ಎಲ್ಲಕ್ಕಿಂತ ಮುಖ್ಯವಾಗಿ ಒಳ್ಳೆಯ ಆಸನ ಪಡೆಯಲು ಬೆಂಬಲಿಗರು ಪ್ರತಿವರ್ಷ ಕೊಡುವ ದೇಣಿಗೆ. ಋತುವಿನ ಅತ್ಯುತ್ತಮ ಪಂದ್ಯವೇ ಬೇರೆ ನಗರಕ್ಕೆ ಹೋಯಿತೆಂದರೆ ಆ ದೇಣಿಗೆಯನ್ನು ಏಕೆ ಕೊಡಬೇಕೆಂದು ಅವರು ಕೇಳುವುದು ಸಹಜ. ಮಿಷಿಗನ್ ತಂಡ 2012ರ ಋತುವಿನ ಮೊದಲ ಪಂದ್ಯವನ್ನು ಅಲಬಾಮ ವಿರುದ್ಧ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಆಡಿ ಸುಮಾರು 47 ಲಕ್ಷ ಡಾಲರ್ ಪಡೆಯಿತು. ದೊಡ್ಡ ಮೊತ್ತ, ನಿಜ. ಆದರೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಆಸನವಿರುವ ಕ್ರೀಡಾಂಗಣ ಮಿಷಿಗನ್ ತಂಡದ ಊರಾದ ಆನ್ ಆರ್ಬರ್‌ನಲ್ಲಿ ಅಂದು ಖಾಲಿ ಇತ್ತು. ಖರ್ಚು ಹೆಚ್ಚೆಂಬ ಕಾರಣಕ್ಕೆ ವಿಶ್ವವಿದ್ಯಾಲಯದ ಮಾರ್ಚಿಂಗ್ ಬ್ಯಾಂಡನ್ನು ಟೆಕ್ಸಸ್‌ಗೆ ಕರೆದೊಯ್ಯುವುದಿಲ್ಲವೆಂದು ಮೊದಲು ತೀರ್ಮಾನವಾಗಿ, ಬೆಂಬಲಿಗರು ಬೇಸರಗೊಂಡ ಮೇಲೆ ದಾನಿಗಳ ನೆರವಿನಿಂದ ಅದು ಬದಲಾಯಿತು. ನಿಮ್ಮ ಕೈಗೆ ಬರುವ ಪ್ರಸ್ತಾಪದಲ್ಲಿ ಖರ್ಚಿನ ಪುಟವನ್ನು ಆದಾಯದ ಪುಟಕ್ಕಿಂತ ಮೊದಲು ಓದಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ಚಿಕ್ಕ ಕ್ರೀಡಾಂಗಣವಿರುವ ವಿಶ್ವವಿದ್ಯಾಲಯಗಳಿಗೆ ಮಾತ್ರ ಈ ಲೆಕ್ಕ ತಿರುವುಮುರುವಾಗುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೂರನೆಯದಾಗಿ ನಕ್ಷೆಯನ್ನು ಮುಂದಿಟ್ಟುಕೊಂಡು ದೂರವನ್ನು ಅಳೆಯಿರಿ. ತಟಸ್ಥ ಮೈದಾನದ ಪರವಾಗಿ ವಾದಿಸುವವರೆಲ್ಲ ಟೆಕ್ಸಸ್ ಮತ್ತು ಒಕ್ಲಹೋಮ ವಿಶ್ವವಿದ್ಯಾಲಯಗಳ ಪಂದ್ಯವನ್ನು ಉದಾಹರಿಸುತ್ತಾರೆ, ಮತ್ತು ಅದು ನಿಜಕ್ಕೂ ಉತ್ತಮ ಉದಾಹರಣೆ. 1929ರಿಂದ ಈ ಪಂದ್ಯ ಪ್ರತಿವರ್ಷ ಡಲ್ಲಾಸ್ ನಗರದಲ್ಲೇ ನಡೆಯುತ್ತಿದೆ. ಒಂದು ತಂಡದ ಊರಾದ ಆಸ್ಟಿನ್‌ನಿಂದಲೂ ಇನ್ನೊಂದರ ಊರಾದ ನಾರ್ಮನ್‌ನಿಂದಲೂ ಡಲ್ಲಾಸ್ ಸುಮಾರು 300 ಕಿಲೋಮೀಟರ್ ದೂರದಲ್ಲಿದೆ. ಬೆಳಿಗ್ಗೆ ಕಾರಿನಲ್ಲಿ ಹೊರಟು ರಾತ್ರಿ ಮನೆ ಸೇರಬಹುದು. ಪಂದ್ಯ ನಡೆಯುವ ಕಾಟನ್ ಬೌಲ್ ಕ್ರೀಡಾಂಗಣ ಟೆಕ್ಸಸ್ ರಾಜ್ಯದ ಜಾತ್ರೆಯ ಆವರಣದಲ್ಲಿದೆ, ಮತ್ತು ಪಂದ್ಯ ಬೀಳುವುದು ಜಾತ್ರೆ ನಡೆಯುವ ದಿನಗಳಲ್ಲೇ. ಐವತ್ತು ಗಜದ ಗೆರೆಯಲ್ಲಿ ಕ್ರೀಡಾಂಗಣ ಎರಡಾಗಿ ಸೀಳಿದಂತಿರುತ್ತದೆ, ಒಂದು ಅರ್ಧ ಟೆಕ್ಸಸ್‌ನ ಕಿತ್ತಳೆ ಬಣ್ಣ, ಇನ್ನರ್ಧ ಒಕ್ಲಹೋಮದ ಕಡುಗೆಂಪು. ಯಾವ ಕ್ಯಾಂಪಸ್‌ನಲ್ಲೂ ಇಂಥ ನೋಟ ಸಿಗಲಾರದು, ಏಕೆಂದರೆ ಅಲ್ಲಿ ಎದುರಾಳಿಗೆ ದೊರೆಯುವುದು ಒಂದು ಮೂಲೆಯಷ್ಟೇ ಜಾಗ. ಇಲ್ಲಿ ಗಮನಿಸಬೇಕಾದದ್ದು, ಈ ಪಂದ್ಯವನ್ನು ಯಾರೂ ಯಾರಿಂದಲೂ ಕಿತ್ತುಕೊಂಡಿಲ್ಲವೆಂಬುದು. ಡಲ್ಲಾಸ್ ಪಯಣವೇ ಎರಡೂ ಕಡೆಯವರಿಗೆ ಬಳುವಳಿಯಾಗಿ ಬಂದ ಸಂಪ್ರದಾಯ, ಅಜ್ಜಂದಿರು ಕುಳಿತ ಸಾಲಿನಲ್ಲೇ ಮೊಮ್ಮಕ್ಕಳು ಕುಳಿತುಕೊಳ್ಳುತ್ತಾರೆ.

ಜಾರ್ಜಿಯ ಮತ್ತು ಫ್ಲಾರಿಡಾ ತಂಡಗಳ ಪಂದ್ಯ ಇಷ್ಟು ಸರಳವಲ್ಲ. 1933ರಿಂದ ಅದು ಬಹುತೇಕ ಜಾಕ್ಸನ್‌ವಿಲ್‌ನಲ್ಲೇ ನಡೆದಿದೆ. ಅಲ್ಲಿಯ ಕ್ರೀಡಾಂಗಣವನ್ನು ಮರುನಿರ್ಮಿಸುತ್ತಿದ್ದಾಗ, 1994 ಮತ್ತು 1995ರಲ್ಲಿ ಮಾತ್ರ, ತಂಡಗಳು ಪರಸ್ಪರರ ಕ್ಯಾಂಪಸ್‌ಗೆ ಹೋದವು. ಜಾಕ್ಸನ್‌ವಿಲ್ ಇರುವುದು ಫ್ಲಾರಿಡಾ ರಾಜ್ಯದಲ್ಲಿ. ಫ್ಲಾರಿಡಾ ತಂಡದ ಊರಾದ ಗೇನ್ಸ್‌ವಿಲ್‌ನಿಂದ ಅದು ಸುಮಾರು 115 ಕಿಲೋಮೀಟರ್, ಜಾರ್ಜಿಯದ ಏಥೆನ್ಸ್‌ನಿಂದ 500 ಕಿಲೋಮೀಟರಿಗೂ ಹೆಚ್ಚು. ಆದರೂ ಜಾರ್ಜಿಯದವರು ಅಲ್ಲಿಯ ಕಡಲತೀರದಲ್ಲಿ ವಾರಾಂತ್ಯ ಕಳೆಯುವುದನ್ನು ಬಿಡಲು ಸಿದ್ಧರಿಲ್ಲ. ಜಾರ್ಜಿಯದ ಕೋಚ್ ಕರ್ಬಿ ಸ್ಮಾರ್ಟ್ ಮಾತ್ರ ಪಂದ್ಯವನ್ನು ಕ್ಯಾಂಪಸ್‌ಗೆ ತರಬೇಕೆಂಬ ವಾದಕ್ಕೆ ಬಹಿರಂಗವಾಗಿಯೇ ದನಿಗೂಡಿಸಿದ್ದಾರೆ. ಅವರ ಕಾರಣವನ್ನು ತಳ್ಳಿಹಾಕುವಂತಿಲ್ಲ. ಮುಂದಿನ ವರ್ಷಗಳಲ್ಲಿ ತಂಡ ಸೇರಬೇಕಾದ ಪ್ರೌಢಶಾಲಾ ಆಟಗಾರರನ್ನು ದೊಡ್ಡ ಪಂದ್ಯದ ದಿನ ಕ್ಯಾಂಪಸ್‌ಗೆ ಕರೆಸಿ, ವಸತಿ, ತರಗತಿ, ಅಭ್ಯಾಸದ ಕೊಠಡಿಗಳನ್ನು ತೋರಿಸಿ, ತುಂಬಿದ ಕ್ರೀಡಾಂಗಣದ ಮೊರೆತವನ್ನು ಕೇಳಿಸುವುದಕ್ಕಿಂತ ದೊಡ್ಡ ಆಕರ್ಷಣೆ ಕೋಚ್‌ಗಳ ಕೈಯಲ್ಲಿಲ್ಲ. ದೂರದ ನಗರದಲ್ಲಿ ಅದು ಸಾಧ್ಯವಾಗುವುದಿಲ್ಲ.

ನಾಲ್ಕನೆಯ ಪರೀಕ್ಷೆ ಹೆಸರಿನದು. ತಟಸ್ಥವೆಂದು ಕರೆದ ಮಾತ್ರಕ್ಕೆ ಮೈದಾನ ತಟಸ್ಥವಾಗುವುದಿಲ್ಲ. ಅಲಬಾಮ ಮತ್ತು ಆಬರ್ನ್ ತಂಡಗಳ ಪಂದ್ಯ 1948ರಿಂದ 1988ರವರೆಗೆ ಬರ್ಮಿಂಗ್‌ಹ್ಯಾಮ್‌ನ ಲೀಜನ್ ಫೀಲ್ಡ್‌ನಲ್ಲೇ ನಡೆಯಿತು. ಬಹುಕಾಲ ಟಿಕೆಟ್‌ಗಳನ್ನು ಸರಿಯಾಗಿ ಅರ್ಧರ್ಧ ಹಂಚಲಾಗುತ್ತಿತ್ತು. ಆದರೆ ಅಲಬಾಮ ತಂಡ ತನ್ನ ತವರಿನ ಇತರ ಹಲವು ಪಂದ್ಯಗಳನ್ನೂ ಅದೇ ಮೈದಾನದಲ್ಲಿ ಆಡುತ್ತಿತ್ತು. ಆಬರ್ನ್ ಜನರ ಪಾಲಿಗೆ ಅದು ಎದುರಾಳಿಯ ಅಂಗಳವೇ ಆಗಿತ್ತು. ಕೋಚ್ ಹಾಗೂ ಕ್ರೀಡಾ ನಿರ್ದೇಶಕರಾಗಿದ್ದ ಪ್ಯಾಟ್ ಡೈ ಹಟ ಹಿಡಿದು ಪಂದ್ಯವನ್ನು ಆಬರ್ನ್‌ಗೆ ತಂದರು. 1989ರ ಡಿಸೆಂಬರ್ 2ರಂದು ಅಲಬಾಮ ಮೊದಲ ಬಾರಿಗೆ ಆಬರ್ನ್‌ನ ಜೋರ್ಡನ್–ಹೇರ್ ಕ್ರೀಡಾಂಗಣಕ್ಕೆ ಕಾಲಿಟ್ಟಿತು. ಆ ಋತುವಿನಲ್ಲಿ ಅಲ್ಲಿಯವರೆಗೆ ಸೋಲನ್ನೇ ಕಾಣದಿದ್ದ ಅಲಬಾಮವನ್ನು ಆಬರ್ನ್ 30–20ರಿಂದ ಮಣಿಸಿತು. ಆದ್ದರಿಂದ ಪ್ರಸ್ತಾಪದಲ್ಲಿರುವ ಕ್ರೀಡಾಂಗಣ ಯಾವ ರಾಜ್ಯದಲ್ಲಿದೆ, ಅಲ್ಲಿ ಯಾವ ತಂಡ ಹೆಚ್ಚು ಬಾರಿ ಆಡಿದೆ, ಸುತ್ತಮುತ್ತ ಯಾರ ಹಳೆಯ ವಿದ್ಯಾರ್ಥಿಗಳು ಹೆಚ್ಚು ನೆಲೆಸಿದ್ದಾರೆ ಎಂಬ ಮೂರನ್ನೂ ವಿಚಾರಿಸಿದ ಮೇಲೆಯೇ ತಟಸ್ಥವೆಂಬ ಮಾತನ್ನು ಒಪ್ಪಿಕೊಳ್ಳಿ.

ಕ್ಯಾಂಪಸ್ ಮೈದಾನದ ಬಲ ಎಷ್ಟೆಂಬುದಕ್ಕೆ ಇತ್ತೀಚಿನ ನಿದರ್ಶನವೂ ಇದೆ. ಋತುವಿನ ಕೊನೆಯಲ್ಲಿ ಚಾಂಪಿಯನ್ ತಂಡವನ್ನು ನಿರ್ಧರಿಸುವ ರಾಷ್ಟ್ರೀಯ ಪ್ಲೇಆಫ್ 2024ರ ಋತುವಿನಲ್ಲಿ 12 ತಂಡಗಳಿಗೆ ವಿಸ್ತಾರಗೊಂಡು, ಮೊದಲ ಸುತ್ತಿನ ನಾಲ್ಕು ಪಂದ್ಯಗಳು ಕ್ಯಾಂಪಸ್‌ಗಳಲ್ಲೇ ನಡೆದವು. ನೋಟರ್ ಡೇಮ್, ಪೆನ್ ಸ್ಟೇಟ್, ಟೆಕ್ಸಸ್, ಒಹಾಯೊ ಸ್ಟೇಟ್, ಹೀಗೆ ನಾಲ್ಕೂ ಆತಿಥೇಯ ತಂಡಗಳು ಗೆದ್ದವು. ಮೇಲಿನ ಶ್ರೇಯಾಂಕದ ತಂಡಗಳೇ ಆತಿಥೇಯರಾಗಿದ್ದುದರಿಂದ ಗೆಲುವಿನ ಪೂರ್ಣ ಶ್ರೇಯವನ್ನು ಮೈದಾನಕ್ಕೆ ಕೊಡಲಾಗದು. ಆದರೆ ಡಿಸೆಂಬರಿನ ಚಳಿಯಲ್ಲಿ ನೋಟರ್ ಡೇಮ್ ಇರುವ ಸೌತ್ ಬೆಂಡ್‌ನಂಥ ಊರು ಕಂಡ ಸಂಭ್ರಮವನ್ನು ದೂರದ ನಗರದ ಒಳಾಂಗಣ ಕ್ರೀಡಾಂಗಣ ಕೊಡಲಾರದೆಂಬುದು ಮಾತ್ರ ಸ್ಪಷ್ಟ. ಅರ್ಕನ್ಸಾ ಮತ್ತು ಟೆಕ್ಸಸ್ ಎ ಅಂಡ್ ಎಂ ತಂಡಗಳು 2009ರಿಂದ ಹೆಚ್ಚಾಗಿ ಆರ್ಲಿಂಗ್ಟನ್‌ನಲ್ಲಿ ಆಡುತ್ತಿದ್ದ ಪಂದ್ಯವೂ 2025ರಲ್ಲಿ ಕ್ಯಾಂಪಸ್‌ಗೆ ಮರಳಿತು. ನನಗೆ ಇದು ಸರಿಯಾದ ದಿಕ್ಕೆನಿಸುತ್ತದೆ.

ಈಗ ಚಿಕ್ಕ ಕ್ರೀಡಾಂಗಣಗಳ ವಿಷಯ. ಕಪ್ಪು ಜನಾಂಗದ ವಿದ್ಯಾರ್ಥಿಗಳಿಗಾಗಿ ಸ್ಥಾಪಿತವಾದ ಚಾರಿತ್ರಿಕ ವಿಶ್ವವಿದ್ಯಾಲಯಗಳಿಗೆ ತಟಸ್ಥ ಮೈದಾನದ ಪಂದ್ಯಗಳು ಜೀವನಾಡಿಯಂತಿವೆ. ಲೂಯಿಸಿಯಾನದ ಗ್ರ್ಯಾಂಬ್ಲಿಂಗ್ ಮತ್ತು ಸದರ್ನ್ ವಿಶ್ವವಿದ್ಯಾಲಯಗಳು 1974ರಿಂದ ಬೇಯು ಕ್ಲಾಸಿಕ್ ಹೆಸರಿನಲ್ಲಿ, ಬಹುತೇಕ ನ್ಯೂ ಆರ್ಲಿಯನ್ಸ್‌ನಲ್ಲೇ ಆಡುತ್ತಿವೆ. ಗ್ರ್ಯಾಂಬ್ಲಿಂಗ್‌ನ ಸ್ವಂತ ಕ್ರೀಡಾಂಗಣದಲ್ಲಿ ಸುಮಾರು 20 ಸಾವಿರ ಜನರಿಗಷ್ಟೇ ಜಾಗ. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್ ಅದರ ಮೂರು ಪಟ್ಟಿಗಿಂತ ದೊಡ್ಡದು. ಹಳೆಯ ವಿದ್ಯಾರ್ಥಿಗಳು ದೇಶದ ಮೂಲೆಮೂಲೆಗಳಿಂದ ಬಂದು ಸೇರುತ್ತಾರೆ, ಎರಡೂ ಬ್ಯಾಂಡ್‌ಗಳ ಸ್ಪರ್ಧೆಯೇ ಪ್ರತ್ಯೇಕ ಉತ್ಸವವಾಗುತ್ತದೆ. ಇಂಥ ಪಂದ್ಯವನ್ನು ಕ್ಯಾಂಪಸ್‌ಗೆ ತರಬೇಕೆಂದು ನಾನು ಎಂದಿಗೂ ಹೇಳಲಾರೆ. ಇದರಿಂದ ವಿಶ್ವವಿದ್ಯಾಲಯದ ಬಳಗ ಒಂದೆಡೆ ಕೂಡುತ್ತದೆಯೇ ಹೊರತು ಚದುರುವುದಿಲ್ಲ.

ಮೈದಾನ ಆಟಕ್ಕೆ ಹೊಂದುತ್ತದೆಯೇ ಎಂಬುದನ್ನೂ ಪರಿಶೀಲಿಸಬೇಕು. 2010ರ ನವೆಂಬರಿನಲ್ಲಿ ನಾರ್ತ್‌ವೆಸ್ಟರ್ನ್ ಮತ್ತು ಇಲಿನಾಯ್ ತಂಡಗಳು ಷಿಕಾಗೊದ ರಿಗ್ಲಿ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಆಡಿದಾಗ, ಒಂದು ತುದಿಯ ಗೋಡೆ ಅಂಕಣಕ್ಕೆ ಅಪಾಯಕಾರಿಯಾಗಿ ಹತ್ತಿರವಿದ್ದುದರಿಂದ ಎರಡೂ ತಂಡಗಳು ಒಂದೇ ದಿಕ್ಕಿಗೆ ದಾಳಿ ನಡೆಸುವಂತೆ ನಿಯಮ ಬದಲಿಸಬೇಕಾಯಿತು. ಇದಕ್ಕೆ ತದ್ವಿರುದ್ಧವಾಗಿ, 2016ರ ಸೆಪ್ಟೆಂಬರಿನಲ್ಲಿ ಟೆನ್ನೆಸ್ಸೀ ಮತ್ತು ವರ್ಜೀನಿಯಾ ಟೆಕ್ ತಂಡಗಳು ತಮ್ಮ ಊರುಗಳ ನಡುವಿನ ಬ್ರಿಸ್ಟಲ್ ಕಾರ್ ರೇಸ್ ಪಥದ ಒಳಗೆ ಆಡಿದಾಗ 1,56,990 ಪ್ರೇಕ್ಷಕರು ಸೇರಿ ಕಾಲೇಜು ಫುಟ್‌ಬಾಲಿನ ದಾಖಲೆಯಾಯಿತು. ತಲೆಮಾರಿಗೊಮ್ಮೆ ಇಂಥದು ನಡೆದರೆ ಒಪ್ಪಬಹುದು. ಡಬ್ಲಿನ್‌ನಲ್ಲಿ ನಡೆಯುವ ಪಂದ್ಯಗಳನ್ನೂ ಇದೇ ಮಾನದಂಡದಿಂದ ನೋಡಿ: ವಿದೇಶ ಪ್ರಯಾಣ ಆಟಗಾರರಿಗೆ ಒಳ್ಳೆಯ ಅನುಭವ, ಆದರೆ ಸಾಮಾನ್ಯ ವಿದ್ಯಾರ್ಥಿಗೆ ಆ ವಿಮಾನದ ಟಿಕೆಟ್ ಕೈಗೆಟುಕದು.

ಇಷ್ಟೆಲ್ಲ ಪರಿಶೀಲಿಸಿದ ಮೇಲೂ ಪಂದ್ಯ ಹೊರಗೆ ಹೋಗುವುದು ಸರಿಯೆನಿಸಿದರೆ, ಕೆಲವು ಸಂಗತಿಗಳನ್ನು ಒಪ್ಪಂದದಲ್ಲೇ ಬರೆಸಬೇಕೆಂದು ಪಟ್ಟು ಹಿಡಿಯಿರಿ. ವಿದ್ಯಾರ್ಥಿಗಳಿಗೆ ಮೀಸಲಾದ ಟಿಕೆಟ್‌ಗಳ ಸಂಖ್ಯೆ ಮತ್ತು ಬೆಲೆ, ಅವರಿಗೆ ಬಸ್ಸಿನ ವ್ಯವಸ್ಥೆ, ಬ್ಯಾಂಡಿನ ಪ್ರಯಾಣದ ಪೂರ್ಣ ಖರ್ಚು, ಆಸನಗಳ ಸಮಪಾಲು ಇವು ನಮೂದಾಗಿರಲಿ. ಕ್ರೀಡಾಂಗಣ ಲಭ್ಯವಿಲ್ಲದಾಗ ಪಂದ್ಯ ಎಲ್ಲಿಗೆ ಹೋಗುತ್ತದೆಂಬುದನ್ನೂ ಮರೆಯಬೇಡಿ. ಜಾಕ್ಸನ್‌ವಿಲ್‌ನ ಕ್ರೀಡಾಂಗಣ ನವೀಕರಣಗೊಳ್ಳುವ ಕಾರಣ ಜಾರ್ಜಿಯ–ಫ್ಲಾರಿಡಾ ಪಂದ್ಯವನ್ನು 2026ಕ್ಕೆ ಅಟ್ಲಾಂಟಾಕ್ಕೂ 2027ಕ್ಕೆ ಟ್ಯಾಂಪಾಕ್ಕೂ ನಿಗದಿಪಡಿಸಲಾಯಿತು. ಎರಡು ವರ್ಷಗಳ ಮಟ್ಟಿಗೆ ಗೇನ್ಸ್‌ವಿಲ್ ಮತ್ತು ಏಥೆನ್ಸ್‌ಗಳಿಗೆ ಆ ಪಂದ್ಯವನ್ನು ಕೊಡಬಹುದಾಗಿದ್ದ ಅವಕಾಶ ಹಾಗೆ ಕೈತಪ್ಪಿತು. ನಿಮ್ಮ ಒಪ್ಪಂದದಲ್ಲಿ ಅಂಥ ವರ್ಷ ಪಂದ್ಯ ಕ್ಯಾಂಪಸ್‌ಗೆ ಮರಳತಕ್ಕದ್ದೆಂಬ ಒಂದು ಸಾಲು ಇರುವಂತೆ ನೋಡಿಕೊಳ್ಳಿ.