ಮೂರನೇ ಗೇರಿನಲ್ಲಿ ಮಸಿ ಸುಟ್ಟ ಬೆಳಗ್ಗೆ

ಬೆಳಗ್ಗೆ ಮೂರು ಕಿಲೋಮೀಟರ್, ಸಂಜೆ ಮೂರು ಕಿಲೋಮೀಟರ್. ಒಂದೂವರೆ ವರ್ಷ ನನ್ನ ಪೆಟ್ರೋಲ್ ಕಾರಿಗೆ ಇದ್ದ ಕೆಲಸ ಇಷ್ಟೇ. ಇಂಜಿನ್ ಬಿಸಿಯಾಗುವ ಹೊತ್ತಿಗೆ ನಾನು ಕೀ ತಿರುಗಿಸಿ ಇಳಿದಿರುತ್ತಿದ್ದೆ.

ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ಸಣ್ಣಗೆ ನಡುಗಲು ಶುರುವಾಯಿತು. ಪಿಕಪ್ ಸತ್ತಿತ್ತು. ಒಂದು ಭಾನುವಾರ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದೆ. ನಾಲ್ಕರ ತುದಿಯೂ ಕಪ್ಪು. ಬೆರಳಲ್ಲಿ ಉಜ್ಜಿದರೆ ದೀಪದ ಮಸಿಯ ಹಾಗೆ ಒಣಪುಡಿ ಅಂಟಿತು. ಒಣಗಿದೆಯಲ್ಲ ಅಂತ ಸಮಾಧಾನವಾಯಿತು. ಅದೇ ಜಿಡ್ಡು ಜಿಡ್ಡಾಗಿದ್ದರೆ ಇಂಜಿನ್ ಆಯಿಲ್ ಒಳಗೆ ಬರುತ್ತಿದೆ ಎಂದರ್ಥ. ಆ ರೋಗಕ್ಕೆ ಎಷ್ಟು ಓಡಿಸಿದರೂ ಪ್ರಯೋಜನವಿಲ್ಲ. ಆಯಿಲ್ ಮುಚ್ಚಳದ ಒಳಗಡೆ ಬಿಳಿ-ಕಂದು ಲೋಳೆಯೂ ಇತ್ತು. ಆವಿಯಾಗಿ ಹೋಗಬೇಕಾದ ನೀರು ಅಲ್ಲೇ ಉಳಿದಿದೆ. ಇಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಸೋರುತ್ತಿದ್ದರೂ ಹೀಗಾಗುತ್ತದೆ, ಅದಕ್ಕೇ ಅದರ ಮಟ್ಟ ನೋಡಿದೆ. ಕಡಿಮೆಯಾಗಿರಲಿಲ್ಲ.

ಇಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಪೂರ್ತಿ ಉರಿಯುವುದಿಲ್ಲ. ಪ್ಲಗ್ಗಿನ ತುದಿ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಸುಮಾರು 450–500 ಡಿಗ್ರಿ ಬಿಸಿ ಬೇಕು. ಮೂರು ಕಿಲೋಮೀಟರಿನ ಓಡಾಟದಲ್ಲಿ ಅದಕ್ಕೆ ಎಲ್ಲಿ ಬರಬೇಕು?

ಇದಕ್ಕೆ ‘ಇಟಾಲಿಯನ್ ಟ್ಯೂನ್-ಅಪ್’ ಎಂಬ ಹಳೇ ಮದ್ದಿದೆ. ಗಾಡಿಯನ್ನು ಚೆನ್ನಾಗಿ ದುಡಿಸಿ ಮಸಿ ಸುಡಿಸುವುದು. ನಾನು ಮೊದಲು ಮಾಡಿದ್ದು ಮಾತ್ರ ದಡ್ಡತನ. ಮನೆ ಮುಂದೆ ನ್ಯೂಟ್ರಲ್‌ನಲ್ಲೇ ಐದು ನಿಮಿಷ ರೇಸ್ ಕೊಟ್ಟೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು, ಅಷ್ಟೇ ಆಗಿದ್ದು. ಭಾರ ಎಳೆಯದ ಇಂಜಿನ್ ಬರೀ ಕಿರುಚುತ್ತದೆ. ಸುಡುವ ಪೆಟ್ರೋಲೂ ಕಡಿಮೆ, ಹುಟ್ಟುವ ಬಿಸಿಯೂ ಕಡಿಮೆ. ಬೇಕಾದದ್ದು ಸದ್ದಲ್ಲ, ಎಳೆತ.

ಪ್ಲಗ್‌ಗಳನ್ನು ಬೇಕಂತಲೇ ಒರೆಸದೆ ವಾಪಸ್ ಹಾಕಿದ್ದೆ. ಏನಾದರೂ ಬದಲಾದರೆ ಕಣ್ಣಿಗೆ ಕಾಣಬೇಕಲ್ವಾ? ಹೊರಡುವ ಮೊದಲು ಆಯಿಲ್ ಮಟ್ಟ, ಟೈರಿನ ಗಾಳಿ ನೋಡಿದೆ. ಚೆಕ್ ಇಂಜಿನ್ ದೀಪ ಮಿಣುಕುತ್ತಿದ್ದರೆ ನಾನು ಹೊರಡುತ್ತಲೇ ಇರಲಿಲ್ಲ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದರೆ ಅದು ಒಳಗೇ ಕರಗುತ್ತದೆ. ಪ್ಲಗ್ಗಿನ ಖರ್ಚಿನಲ್ಲಿ ಮುಗಿಯುವ ಕೆಲಸ ದೊಡ್ಡದಾಗುತ್ತದೆ.

ಬೆಳಗಿನ ಜಾವದ ಖಾಲಿ ಹೆದ್ದಾರಿ. ಮೊದಲ 20 ನಿಮಿಷ ಸುಮ್ನೆ ಮೆಲ್ಲಗೆ ಓಡಿಸಿದೆ. ಟೆಂಪರೇಚರ್ ಮುಳ್ಳು ಬೇಗ ನಡುವಿಗೆ ಬರುತ್ತದೆ, ಆದರೆ ಅದು ತೋರಿಸುವುದು ಕೂಲಂಟಿನ ಬಿಸಿ. ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು.

ಆಮೇಲೆ ಮೂರನೇ ಗೇರ್. 2500 ಆರ್‌ಪಿಎಂನಿಂದ ಆಕ್ಸಿಲರೇಟರನ್ನು ಮುಕ್ಕಾಲು ಭಾಗ ಒತ್ತಿದೆ. 80ರ ಹತ್ತಿರ ಹೋಗುವಾಗ ಮುಳ್ಳು 4000 ದಾಟಿತ್ತು. ಕೆಂಪು ಗೆರೆ ಇನ್ನೂ ದೂರ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಪ್ಪು ಹೊಗೆಯ ಒಂದು ಉಂಡೆ. ನಿಜ ಹೇಳಬೇಕೆಂದರೆ ಹೆದರಿದೆ. ಕಾಲು ತೆಗೆದು, ಗೇರಿನಲ್ಲೇ ಬಿಟ್ಟು, ವೇಗ ತಾನಾಗಿ ಇಳಿಯಲು ಬಿಟ್ಟೆ. ಮತ್ತೆ ಒತ್ತಿದೆ. ನಾಲ್ಕನೇ ಸಲಕ್ಕೆ ಹೊಗೆ ತೆಳುವಾಯಿತು, ಆರನೇ ಸಲಕ್ಕೆ ಕಾಣಲೇ ಇಲ್ಲ. ಒಂದು ಉದ್ದನೆಯ ಏರು ಸಿಕ್ಕಿದ್ದು ಅನುಕೂಲವಾಯಿತು. ವೇಗ ಹೆಚ್ಚಿಸದೆಯೇ ಇಂಜಿನ್ ಬೆವರಿತು. ಒಟ್ಟು ಹತ್ತು-ಹನ್ನೆರಡು ಸಲ ಹೀಗೆ ಮಾಡಿ, ಕೊನೆಯ ಹತ್ತು ನಿಮಿಷ ನಿಧಾನಕ್ಕೆ ಓಡಿಸಿ ಮನೆಗೆ ಬಂದೆ.

ಪ್ಲಗ್ ಬಿಚ್ಚಲು ಕೈ ತುರಿಸುತ್ತಿತ್ತು. ಬಿಸಿ ಇರುವಾಗ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕೆಡುತ್ತದೆ ಅಂತ ಮರುದಿನದವರೆಗೆ ಕಾದೆ. ಮೂರರ ತುದಿ ತಿಳಿ ಕಂದಾಗಿತ್ತು. ನಾಲ್ಕನೆಯದರ ಅಂಚಲ್ಲಿ ಮಾತ್ರ ಕಪ್ಪು ಹಾಗೇ ಇತ್ತು. ಸಿಗ್ನಲ್‌ನಲ್ಲಿ ನಡುಕ ಬಹುಪಾಲು ಹೋಯಿತು. ಮೈಲೇಜ್? ಹೇಳಿಕೊಳ್ಳುವಷ್ಟು ಏನೂ ಬದಲಾಗಲಿಲ್ಲ.

ಇದು ಎಲ್ಲ ಕಡೆಯ ಮಸಿಗೂ ಮದ್ದಲ್ಲ. ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವಿನ ಬೆನ್ನಿಗೆ ಗಟ್ಟಿಯಾಗಿ ಕೂತ ಪದರಕ್ಕೆ ಒಳಗಿನ ಉರಿ ತಾಗುವುದೇ ಇಲ್ಲ. ನನ್ನ ಕಾರಿನಲ್ಲಿ ಪೆಟ್ರೋಲ್ ವಾಲ್ವಿನ ಹಿಂದೆಯೇ ಚಿಮ್ಮುವುದರಿಂದ ಅಷ್ಟಿಷ್ಟು ತೊಳೆದುಹೋಗುತ್ತದೆ. ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುವ ಡೈರೆಕ್ಟ್ ಇಂಜೆಕ್ಷನ್ ಗಾಡಿಗಳಿಗೆ ಆ ಭಾಗ್ಯವಿಲ್ಲ, ಬಿಚ್ಚಿ ಆಕ್ರೋಟಿನ ಚಿಪ್ಪಿನ ಪುಡಿ ಊದಿ ತೆಗೆಸಬೇಕಾಗುತ್ತದೆ. ಡೀಸೆಲ್ ಗಾಡಿಯ ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಅದರ ಕತೆ ಬೇರೆ. ಅದು ತುಂಬಿದಾಗ ಇಂಜಿನ್ ತಾನೇ 600 ಡಿಗ್ರಿಯಷ್ಟು ಬಿಸಿ ಮಾಡಿ ಸುಡುತ್ತದೆ. ಅಲ್ಲಿ ಕಾಲಿನ ಜೋರಿಗಿಂತ, ಸುಡುವುದು ಮುಗಿಯುವ ತನಕ ಕೀ ತೆಗೆಯದೆ ಒಂದೇ ಸಮ ಓಡಿಸುವ ತಾಳ್ಮೆ ಮುಖ್ಯ.

ಆಯಿಲ್ ಮಟ್ಟ ನೋಡುವ ಡಿಪ್ ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ ಬರುತ್ತಿತ್ತು, ಹಾಗಾಗಿ ಆಯಿಲ್ ಬದಲಿಸಿದೆ. ಈಗ ವಾರಕ್ಕೊಮ್ಮೆ ಮುಕ್ಕಾಲು ಗಂಟೆ ದೂರ ಓಡಿಸಿಕೊಂಡು ಬರುತ್ತೇನೆ. ಆ ನಾಲ್ಕನೇ ಪ್ಲಗ್ ಮಾತ್ರ ಎರಡೇ ವಾರದಲ್ಲಿ ಮತ್ತೆ ಕಪ್ಪಾಯಿತು. ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಬದಲಿಸಿ ಹಾಕಿ ನೋಡಿದೆ. ಮಸಿಯೂ ಅದರ ಜೊತೆಗೇ ಅಲ್ಲಿಗೆ ಹೋಯಿತು. ಹೊಸ ಕಾಯಿಲ್ ತರಬೇಕಾಯಿತು.