ಮಡಚಿಟ್ಟ ಕ್ಯಾಂಪರ್‌ಗೆ ಬೂಷ್ಟು: ಹಿಡಿಯದಂತೆ ತಡೆಯುವುದು, ಹಿಡಿದರೆ ತೆಗೆಯುವುದು

ಕ್ಯಾಂಪರ್ ಅಂದರೆ ಪ್ರವಾಸದಲ್ಲಿ ಬಿಚ್ಚಿ ಒಳಗೆ ಮಲಗುವ, ಆಮೇಲೆ ಮಡಚಿಡುವ ಬಟ್ಟೆ ಗೋಡೆಯ ಗಾಡಿ. ಬೂಷ್ಟಿನ ಬೀಜಕಣಗಳು ಗಾಳಿಯಲ್ಲೇ ಇರುತ್ತವೆ, ಅವನ್ನು ಹೊರಗಿಡುವುದು ಆಗದ ಮಾತು. ಹತ್ತಿ ಅಥವಾ ಹತ್ತಿ ಬೆರೆತ ಕ್ಯಾನ್ವಾಸಿನ ನೂಲೇ ಅದಕ್ಕೆ ಆಹಾರ. ಪಾಲಿಯೆಸ್ಟರ್, ವಿನೈಲ್ ಬಟ್ಟೆಯಾದರೆ ಮೇಲೆ ಕೂತ ದೂಳು, ಕೈಯ ಜಿಡ್ಡು, ಎಲೆಯ ಕಸ ಸಾಕು. ಹಾಗಾಗಿ ನಮ್ಮ ಹಿಡಿತದಲ್ಲಿ ಉಳಿಯುವುದು ನೀರು ಒಂದೇ. ಒದ್ದೆ ಕ್ಯಾನ್ವಾಸನ್ನು ಮಡಚಿಟ್ಟರೆ 24ರಿಂದ 48 ಗಂಟೆಯೊಳಗೆ ಬೂಷ್ಟು ಬೆಳೆಯತೊಡಗಬಹುದು.

ಮಳೆಯಲ್ಲೇ ಮಡಚಬೇಕಾಗಿ ಬಂದಿದ್ದರೆ, ಊರು ಸೇರಿದ ದಿನವೇ ಪೂರ್ತಿ ಬಿಚ್ಚಿ ಒಣಗಿಸಿ. ಮಳೆ ಬರದಿದ್ದರೂ ಒಳಗೆ ತೇವ ಇರುತ್ತದೆ. ರಾತ್ರಿ ಮಲಗಿದವರ ಉಸಿರಿನ ಹಬೆ ಬಟ್ಟೆಯ ಒಳಮೈಗೆ ಹನಿಗಟ್ಟುತ್ತದೆ. ಮೈಯ ಬೆವರು ಹಾಸಿಗೆಯನ್ನು ದಾಟಿ, ಕೆಳಗಿನ ತಣ್ಣನೆಯ ಪ್ಲೈವುಡ್ ಮೇಲೆ ನೀರಾಗುತ್ತದೆ. ಹಾಸಿಗೆ ಎತ್ತಿ ನೋಡದವರಿಗೆ ಇದು ಗೊತ್ತೇ ಆಗುವುದಿಲ್ಲ. ಬೆಳಗಿನ ಇಬ್ಬನಿಯಲ್ಲಿ ಮಡಚಬೇಡಿ, ಬಿಸಿಲೇರುವವರೆಗೆ ಕಾಯಿರಿ.

ಮುಟ್ಟಿದರೆ ಒಣಗಿದಂತಿದೆ ಎಂದು ನಂಬಿದಲ್ಲೇ ಹೆಚ್ಚಿನವರು ಎಡವುತ್ತಾರೆ. ಬಟ್ಟೆಯ ಬಯಲು ಭಾಗ ಬೇಗ ಆರುತ್ತದೆ. ಎರಡು ಮೂರು ಪದರ ಸೇರಿದ ಹೊಲಿಗೆ, ಜಿಪ್ ಮುಚ್ಚುವ ಪಟ್ಟಿ, ವೆಲ್ಕ್ರೋ, ಅಂಚಿನ ಹಗ್ಗ, ಬಟ್ಟೆಯನ್ನು ಗಾಡಿಗೆ ಸಿಕ್ಕಿಸಿರುವ ಜಾಗ ಇವೆಲ್ಲ ಇನ್ನೂ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತವೆ. ಹೊಲಿಗೆಯ ಮೇಲೆ ಟಿಶ್ಯೂ ಕಾಗದ ಒತ್ತಿ ಹಿಡಿದು ನೋಡಿ, ಅಥವಾ ಕೆನ್ನೆಗೆ ತಾಗಿಸಿ. ಉಳಿದ ಬಟ್ಟೆಗಿಂತ ತಣ್ಣಗೆ ಅನ್ನಿಸಿದರೆ ತೇವ ಇನ್ನೂ ಇದೆ.

ಇಡುವ ಬಗೆ

ದಿಂಬು, ಹಾಸಿಗೆ, ಪರದೆ, ಚಾಪೆ ಎಲ್ಲವನ್ನೂ ತೆಗೆದು ಮನೆಯೊಳಗಿಡಿ. ಫೋಮ್ ಹಾಸಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿಡಿ. ನೀರಿನ ಟ್ಯಾಂಕು ಮತ್ತು ಪೈಪು ಬರಿದಾಗಲಿ. ಫ್ರಿಜ್ ಬಾಗಿಲು, ಡ್ರಾಯರುಗಳು ತೆರೆದಿರಲಿ. ಮಣ್ಣು, ಹುಲ್ಲಿನಿಂದ ಏಳುವ ತೇವ ತಳಕ್ಕೆ ತಾಗುತ್ತದೆ, ಕಾಂಕ್ರೀಟ್ ನೆಲ ಮೇಲು. ಮೇಲೆ ನೀರು ನಿಲ್ಲದಂತೆ ಗಾಡಿಯ ಒಂದು ತುದಿ ಸ್ವಲ್ಪ ಎತ್ತರದಲ್ಲಿರಲಿ. ಸಾದಾ ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಬೇಡಿ. ಅದು ಮಳೆಯನ್ನು ತಡೆಯುತ್ತದೆ ನಿಜ, ಆದರೆ ಒಳಗಿನ ಹಬೆಯನ್ನೂ ಹಾಗೇ ಹಿಡಿದಿಡುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆಯೇ ಬೇಕು.

ಒಳಗೆ ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ಇಡಿ. ತೇವಾಂಶ ಶೇ 60ರ ಕೆಳಗಿರಬೇಕು. ದಿನಗಟ್ಟಲೆ ಶೇ 70 ದಾಟಿದರೆ ಬೂಷ್ಟಿಗೆ ಅನುಕೂಲ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಗಾಳಿಯಾಡುವ ಗಾಡಿಯಲ್ಲಿ ವ್ಯರ್ಥ, ಹೊರಗಿನ ಗಾಳಿಯ ತೇವವನ್ನೇ ಹೀರುತ್ತಾ ಕೂರುತ್ತದೆ. ಮುಚ್ಚಿದ ಜಾಗದಲ್ಲಿ ಮಾತ್ರ ಅದರಿಂದ ಉಪಯೋಗ. ಕೆಳಗೆ ಆಳವಾದ ತಟ್ಟೆ ಇರಲೇಬೇಕು: ಹೀರಿದ ತೇವ ಡಬ್ಬಿಯಲ್ಲಿ ಉಪ್ಪುನೀರಾಗುತ್ತದೆ, ಅದು ಚೆಲ್ಲಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಬಟ್ಟೆಯ ಆ ಜಾಗ ತೊಳೆಯುವವರೆಗೂ ತೇವ ಎಳೆಯುತ್ತಲೇ ಇರುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಒಣ ದಿನ ನೋಡಿ ಬಿಚ್ಚಿ, ಗಾಳಿಯಾಡಿಸಿ, ಮಡಿಕೆಯ ಗೆರೆ ಸ್ವಲ್ಪ ಬದಲಿಸಿ ಮಡಚಿ.

ಹಿಡಿದಿದ್ದರೆ

ಒದ್ದೆ ಬೂಷ್ಟನ್ನು ಉಜ್ಜಬಾರದು, ಅದು ನೇಯ್ಗೆಯೊಳಕ್ಕೆ ಇಳಿಯುತ್ತದೆ. ಬಯಲಿನಲ್ಲಿ ಬಿಚ್ಚಿ, ಬಿಸಿಲಿಗೆ ಪೂರ್ತಿ ಒಣಗಿಸಿ. ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿ, ಗಾಳಿಗೆ ಬೆನ್ನು ಕೊಟ್ಟು ಮೃದು ಬ್ರಷ್‌ನಿಂದ ಉದುರಿಸಿ. ಆಮೇಲೆ ಶೇ 5 ಆಮ್ಲವಿರುವ ಬಿಳಿ ವಿನೆಗರ್ ಒಂದು ಪಾಲಿಗೆ ನೀರು ಒಂದು ಪಾಲು ಬೆರೆಸಿ, ಕಾಣದ ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಂಡು, ಬಟ್ಟೆ ನೆನೆಯುವಂತೆ ಸಿಂಪಡಿಸಿ. ಒಂದು ಗಂಟೆ ಬಿಟ್ಟು ಸ್ಪಂಜಿನಿಂದ ಒರೆಸಿ, ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಮುಗ್ಗಲು ವಾಸನೆ ಉಳಿದರೆ ಇನ್ನೊಮ್ಮೆ ಮಾಡಿ.

ಬ್ಲೀಚ್ ಬೇಡವೇ ಬೇಡ. ಹತ್ತಿಯ ನೂಲನ್ನೂ ಹೊಲಿಗೆಯ ದಾರವನ್ನೂ ಅದು ಸವೆಸುತ್ತದೆ, ಜಲನಿರೋಧಕ ಲೇಪವನ್ನು ಕೀಳುತ್ತದೆ; ವಿನೆಗರ್ ಜೊತೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಬಟ್ಟೆ ಸೋಪಿನ ಪುಡಿ, ಪ್ರೆಷರ್ ವಾಷರ್ ಕೂಡ ಲೇಪಕ್ಕೆ ಹಾನಿ. ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್‌ಗೆ ಸ್ಪಿರಿಟ್ ಹಚ್ಚಿದರೆ ಮಬ್ಬಾಗಬಹುದು, ತೆಳು ಸೋಪಿನ ನೀರು ಸಾಕು.

ಕಪ್ಪು ಚುಕ್ಕೆಗಳು ಹಾಗೇ ಉಳಿದರೆ ಗಾಬರಿ ಬೇಡ. ಬೂಷ್ಟು ಸತ್ತರೂ ಅದರ ಬಣ್ಣ ನೂಲಿನಲ್ಲಿ ನಿಲ್ಲುತ್ತದೆ. ಬಿಳಿ ಬಟ್ಟೆಯಿಂದ ಉಜ್ಜಿದಾಗ ಕಲೆ ಅಂಟದಿದ್ದರೆ, ವಾಸನೆ ಇಲ್ಲದಿದ್ದರೆ, ಮತ್ತೆ ಹರಡದಿದ್ದರೆ ಬಿಟ್ಟುಬಿಡಿ. ಕಲೆ ಹೋಗಲೆಂದು ತಿಕ್ಕಿ ತಿಕ್ಕಿ ಬಟ್ಟೆಯನ್ನೇ ಸವೆಸಿಕೊಳ್ಳುವುದು ದೊಡ್ಡ ನಷ್ಟ. ಆದರೆ ಎರಡೂ ಕೈಯಲ್ಲಿ ಹಿಡಿದು ಎಳೆದಾಗ ಪಿಸಿಯುವ ಜಾಗಕ್ಕೆ ತೇಪೆ ಹಾಕಲೇಬೇಕು.

ಫೋಮಿನ ಒಳಗೆ ಬೂಷ್ಟು ಇಳಿದಿದ್ದರೆ ಎಸೆಯಿರಿ, ಅದು ಶುದ್ಧವಾಗುವುದಿಲ್ಲ. ಪ್ಲೈವುಡ್‌ಗೆ ಸ್ಕ್ರೂಡ್ರೈವರ್ ಮೊನೆ ಸಲೀಸಾಗಿ ಇಳಿದರೆ ಮರ ಕೊಳೆತಿದೆ. ಮೊದಲು ನೀರು ಸೋರುವ ಜಾಗ ಮುಚ್ಚಿ, ಆಮೇಲೆ ಹಲಗೆ ಬದಲಿಸಿ.

ತೊಳೆದ ಕ್ಯಾನ್ವಾಸ್ ಮೇಲೆ ನೀರು ಚಿಮುಕಿಸಿ ನೋಡಿ. ಹನಿ ಉರುಳದೆ ಇಂಗಿದರೆ, ಆ ಬಟ್ಟೆಗೆಂದೇ ತಯಾರಾದ ಜಲನಿರೋಧಕ ದ್ರವವನ್ನು ಹಚ್ಚಿ, ಹೊಲಿಗೆಗಳಿಗೆ ಎರಡನೇ ಸಲ ಲೇಪಿಸಿ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಪೂರ್ತಿ ಒಣಗಿದ ಮೇಲಷ್ಟೇ ಮಡಚಿ; ಹಸಿ ಲೇಪದ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.