ಖೋವಾ ಭಟ್ಟಿಯ ಕಟ್ಟಿಗೆ: ನಾನು ಒಣಗಿಸಿಟ್ಟ ಬಗೆ

ಕಟ್ಟಿಗೆಯನ್ನು ವರ್ಷಗಟ್ಟಲೆ ಒಟ್ಟಿಟ್ಟರೆ ಅದರ ಕಸುವು ಹೋಗುತ್ತದೆ ಎಂದು ಧಾರವಾಡದ ಸುತ್ತಲಿನ ಭಟ್ಟಿಯವರು ಈಗಲೂ ವಾದಿಸುತ್ತಾರೆ. ಹೋದ ವರ್ಷ ಆಶ್ಲೇಷಾ ಮಳೆ ಹಿಡಿದು ಸುರಿಯುವಾಗಲೂ ಹಳೆಯ ಕಟ್ಟಿಗೆಯಿಂದಲೇ ನಮ್ಮ ಕಡಾಯಿಯ ಉರಿ ತಗ್ಗದೆ ನಡೆದದ್ದರಿಂದ, ಆ ವಾದವನ್ನು ನಾನು ಒಪ್ಪುವುದಿಲ್ಲ.

ಮೊದಲೆಲ್ಲ ಇಲ್ಲಿನ ರೂಢಿಯಂತೆ ಒಟ್ಟಿಲನ್ನು ನೆಲದವರೆಗೂ ತಾಡಪತ್ರಿಯಿಂದ ಬಿಗಿಯುತ್ತಿದ್ದೆವು. ಬೆಳಿಗ್ಗೆ ಅದನ್ನು ಎತ್ತಿದರೆ ಒಳಮೈಗೆ ನೀರಿನ ಹನಿಗಳು ಕೂತಿರುತ್ತಿದ್ದವು. ಮಾವಿನ ತುಂಡುಗಳ ಮೇಲೆ ಬಿಳಿ ಬೂಷ್ಟು ಹಬ್ಬಿ, ಮುಟ್ಟಿದರೆ ತೊಗಟೆ ಕಳಚಿ ಬರುತ್ತಿತ್ತು. ಹೀಗೆ ಕೊಳೆತ ಕಟ್ಟಿಗೆ ಕೈಗೆ ಹಗುರವೆನಿಸಿ ಒಣಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ, ಒಲೆಗೆ ಹಾಕಿದರೆ ಹೊಗೆಯಾಡಿ ಬೇಗ ಬೂದಿಯಾಗುತ್ತದೆ. ಆ ಹೊಗೆಯ ವಾಸನೆ ಹಿಡಿದ ಖೋವಾವನ್ನು ಪೇಢೆಯವರು ಮರಳಿಸಿದಾಗ ಒಂದೇ ಸಲಕ್ಕೆ ಹತ್ತು ಹನ್ನೆರಡು ಸಾವಿರ ರೂಪಾಯಿ ಮುಳುಗಿತು.

ಈಗ ಸಂಕ್ರಾಂತಿ ಮುಗಿಯುತ್ತಲೇ ಹಸಿ ಜಾಲಿಯನ್ನು ಕೊಳ್ಳುತ್ತೇನೆ. ನೀರಿಗೂ ದುಡ್ಡು ಕೊಡುತ್ತೀರಲ್ಲ ಎಂದು ಕಟ್ಟಿಗೆ ಮಾರುವ ಅಡ್ಡೆಯವರೇ ನಕ್ಕರು. ಹಸಿ ಕ್ವಿಂಟಲ್ಲು ಒಣಗಿ ಸುಮಾರು 65 ಕಿಲೋಕ್ಕೆ ಇಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ನಾನು ಚೌಕಾಸಿ ಮಾಡುತ್ತೇನೆ. ಅರ್ಧ ನೀರಿರುವ ಕಟ್ಟಿಗೆಯಿಂದ ಕಿಲೋಕ್ಕೆ 2,000 ಕಿಲೋಕ್ಯಾಲರಿಯಷ್ಟು ಕಾವು ಸಿಕ್ಕರೆ, ಗಾಳಿಗೆ ಚೆನ್ನಾಗಿ ಒಣಗಿದ್ದರಿಂದ 3,500ರ ಆಸುಪಾಸು ಸಿಗುತ್ತದೆ. ನೀರು ತುದಿಗಳಿಂದಲೇ ಬೇಗ ಹೊರಬೀಳುವುದರಿಂದ ಮೊಳದುದ್ದ ಕತ್ತರಿಸಿ, ಸೀಳಿ, ಕಲ್ಲುಗಳ ಮೇಲೆ ಗೇಣೆತ್ತರದಲ್ಲಿ ಸಂದು ಬಿಟ್ಟು ಒಟ್ಟುತ್ತೇನೆ. ಮೇಲೆ ಹಳೆಯ ತಗಡು, ನಾಲ್ಕೂ ಮಗ್ಗುಲು ಬಯಲು. ಮಳೆ ಪಡುವಣದಿಂದ ಬಡಿಯುವ ಕಾರಣ ಆ ಕಡೆಗೆ ಮಾತ್ರ ತಗಡನ್ನು ಎರಡು ಮೊಳ ಮುಂದೆ ಚಾಚಿದ್ದೇನೆ. ತಗಡಿಗೆ 18,000 ರೂಪಾಯಿಯಷ್ಟು ಖರ್ಚಾಯಿತು. ಮಳೆಗಾಲದಲ್ಲಿ ಅಡ್ಡೆಯವರು ಟನ್ನಿಗೆ ಸಾವಿರದವರೆಗೆ ದರ ಏರಿಸುತ್ತಾರೆ; ಆ ಹೆಚ್ಚುವರಿ ಉಳಿದು, ಉರಿಸುವ ಕಟ್ಟಿಗೆಯೂ ಕಡಿಮೆಯಾಗಿದ್ದರಿಂದ ಆ ಹಣ ಎರಡನೆಯ ವರ್ಷದೊಳಗೇ ಮರಳಿ ಬಂತು.

ಒಣಗಿತೋ ಇಲ್ಲವೋ ಎಂದು ತಿಳಿಯಲು ಒಂದು ಸೀಳಿಗೆ ಸುಣ್ಣದ ಗುರುತು ಹಾಕಿ ವಾರವಾರವೂ ತೂಗುತ್ತೇನೆ; ತೂಕ ಇಳಿಯುವುದು ನಿಂತ ಮೇಲೆಯೇ ಆ ಒಟ್ಟಿಲನ್ನು ಮುಟ್ಟುತ್ತೇನೆ. ಬೇಸಿಗೆಯಲ್ಲಿ ಒಂದಿಷ್ಟನ್ನು ತೊಗಟೆ ಸುಲಿದೂ ನೋಡಿದೆ. ಬೇಗ ಒಣಗಿತು, ಆದರೆ ಕೂಲಿ ಗಿಟ್ಟಲಿಲ್ಲ. ಜಾಲಿಯ ಹೊರಗಿನ ಬಿಳಿ ಭಾಗಕ್ಕೆ ಹುಳು ಬಿದ್ದು ಹಿಟ್ಟಿನಂಥ ಹುಡಿ ಉದುರುತ್ತದೆ, ಕೆಂಪು ತಿರುಳು ಮಾತ್ರ ಗಟ್ಟಿಯಾಗಿಯೇ ಉಳಿಯುತ್ತದೆ. ಹುಳು ತಡೆಯಲು ನಾನು ಮಾಡುವ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಖರ್ಚಿಲ್ಲ ಎಂದಷ್ಟೇ ಹೇಳಬಲ್ಲೆ. ಮಾವು ಬೇಗ ಕೊಳೆಯುವುದರಿಂದ ಅದನ್ನು ಎರಡನೆಯ ಮಳೆಗಾಲಕ್ಕೆ ಇಡದೆ, ಜಾಲಿಗಿಂತ ಮೊದಲೇ ಉರಿಸಿ ಮುಗಿಸುತ್ತೇನೆ.